ತಣಿವಿನ ಬೆಳಕು

(ಬಾಳೆಗುಳಿಯಲ್ಲಿ ಮಾಡಿದ ದತ್ತಿ ಉಪನ್ಯಾಸದ ಪಾಠ)



ಕಾರವಾರದ ಕಡೆಯಿಂದ ಕಡಲನ್ನು ಬಲಕ್ಕಿಟ್ಟುಕೊಂಡು ಬರುವ ಹೆದ್ದಾರಿ ಅಂಕೋಲೆಯ ಮಗ್ಗುಲಲ್ಲಿರುವ ಈ ಬಾಳೆಗುಳಿಯಲ್ಲಿ ಇಬ್ಭಾಗವಾಗಿ, ಒಂದು ಕವಲು ಕರಾವಳಿಯನ್ನೇ ಹಿಡಿದು ಕುಮಟೆಯ ಕಡೆಗೆ ಸಾಗುವುದೂ, ಇನ್ನೊಂದು ಅರಬೈಲು ಘಟ್ಟವನ್ನೇರಿ ಯಲ್ಲಾಪುರವನ್ನು ಹಾಯ್ದು ಹುಬ್ಬಳ್ಳಿಯ ಬಯಲನ್ನು ಸೇರುವುದೂ ನಿಮಗೆಲ್ಲ ತಿಳಿದ ಸಂಗತಿ. ಏಪ್ರಿಲ್ ತಿಂಗಳ ಇರುಳಿನಲ್ಲಿ, ಅಂಗಿ ಬೆನ್ನಿಗಂಟುವಂತೆ ಬೆವರುತ್ತ ಇಲ್ಲಿ ಬಸ್ಸು ಹತ್ತಿದವನು, ಬೆಳಗಿನ ಜಾವ ಹುಬ್ಬಳ್ಳಿಯಲ್ಲಿ ಇಳಿದಾಗ ಹೊದೆಯಲೊಂದು ಪಂಚೆಯಿದ್ದರೆ ಲೇಸೆಂದುಕೊಳ್ಳುತ್ತಾನೆ. ಹಗಲಿನಲ್ಲಿ ಹುಬ್ಬಳ್ಳಿಯ ಬಿಸಿಲು ನಮ್ಮದಕ್ಕಿಂತ ಕಡುಪಾದುದು; ಆದರೂ ಅಲ್ಲಿಯ ನೆಲ ಇರುಳಿಗೆ ತಣಿಯುತ್ತದೆ, ನಮ್ಮದು ತಣಿಯದು. ಎತ್ತರದ ಅಂತರವೂ ಕಡಲಿನ ಸಾಮೀಪ್ಯವೂ ಇದಕ್ಕೆ ಕಾರಣಗಳೇ ಸರಿ. ಅವುಗಳೊಡನೆ ಮೂರನೆಯ ಕಾರಣವೊಂದಿದೆ, ಮತ್ತು ನನ್ನ ಇಂದಿನ ಮಾತೆಲ್ಲ ಅದನ್ನೇ ಅವಲಂಬಿಸಿದೆ. ಬಿಸಿಯಾದ ನೆಲವು ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ತನ್ನ ತಾಪವನ್ನು ಆಕಾಶಕ್ಕೆ ಒಪ್ಪಿಸಿ ತಣಿಯಬೇಕು; ಕರಾವಳಿಯ ಗಾಳಿಯಲ್ಲಿ ತುಂಬಿರುವ ನೀರಾವಿಯು ಆ ಕಿರಣಗಳನ್ನು ದಾರಿಯಲ್ಲಿಯೇ ನುಂಗಿ, ನುಂಗಿದ್ದರಲ್ಲಿ ಬಹುಪಾಲನ್ನು ಮರಳಿ ನಮ್ಮ ಮೇಲೆಯೇ ಸುರಿಯುತ್ತದೆ. ನಾವು ಸೆಕೆಯೆಂದು ಬೇಯುವುದರಲ್ಲಿ ಒಂದು ಪಾಲು ಹೀಗೆ ಮುಚ್ಚಿದ ಆಕಾಶದ್ದು.

ಕೆಳಗಿನಿಂದ ಹೋಗುವ ಕಿರಣಕ್ಕೆ ಮುಚ್ಚಿದ ಬಾಗಿಲು ಮೇಲಿನಿಂದ ಬರುವ ಕಿರಣಕ್ಕೂ ಮುಚ್ಚಿರುತ್ತದೆ. ಆಕಾಶದಲ್ಲಿ ನಕ್ಷತ್ರಗಳು ಹುಟ್ಟುವ ತಾಣಗಳಿವೆ, ಅವುಗಳನ್ನು ನೀಹಾರಿಕೆಗಳೆನ್ನುತ್ತೇವೆ. ಅಲ್ಲಿಯ ಅನಿಲವು ತನ್ನ ತಾಪವನ್ನು ಕಳೆದುಕೊಳ್ಳುವುದು ಇದೇ ಜಾತಿಯ ಅದೃಶ್ಯ ಕಿರಣಗಳ ಮೂಲಕ, ಮತ್ತು ಹಾಗೆ ಕಳೆದುಕೊಳ್ಳದಿದ್ದರೆ ಅಲ್ಲಿ ನಕ್ಷತ್ರವೇ ಹುಟ್ಟದು. ಆ ಕಿರಣಗಳನ್ನು ಕಾಣಲೆಂದು ನಮ್ಮ ನಾಡಿನ ವಿಜ್ಞಾನಿಗಳು ಒಂದು ಮೀಟರು ಅಗಲದ ಕನ್ನಡಿಯನ್ನು ಬಲೂನಿಗೆ ಕಟ್ಟಿ, ನೀರಾವಿಯ ಮುಸುಕನ್ನು ದಾಟಿಸಿ, ಮೂವತ್ತು ಕಿಲೋಮೀಟರಿಗೂ ಮೇಲಕ್ಕೆ ಏರಿಸಿದ ವೃತ್ತಾಂತವನ್ನು ಹೇಳಲು ನಾನು ಇಲ್ಲಿ ನಿಂತಿದ್ದೇನೆ.

ಕಿರಣವಾಗಿ ಬರುವ ಶಾಖವೂ ಬೆಳಕೂ ಒಂದೇ ವಸ್ತುವಿನ ಎರಡು ಹೆಸರುಗಳೆಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದರೂ, ಮೈಯಿಂದ ಅರಿತದ್ದು 1980ರ ಫೆಬ್ರವರಿ 16ರಂದು. ಅಂದಿನ ಸಂಪೂರ್ಣ ಸೂರ್ಯಗ್ರಹಣದ ನೆರಳು ಅರಬ್ಬೀ ಸಮುದ್ರವನ್ನು ದಾಟಿ, ನಮ್ಮ ಕಾರವಾರ ಅಂಕೋಲೆಗಳ ದಂಡೆಯಲ್ಲಿಯೇ ಭರತಖಂಡದ ಮೇಲೆ ಕಾಲಿಟ್ಟು, ಘಟ್ಟವನ್ನೇರಿ ಹುಬ್ಬಳ್ಳಿ ರಾಯಚೂರುಗಳ ಮಾರ್ಗವಾಗಿ ಪೂರ್ವಕ್ಕೆ ಹೋಯಿತು. ಊರಿನಲ್ಲಿ ಬಹುಮಂದಿ ಬಾಗಿಲಿಕ್ಕಿಕೊಂಡು ಕುಳಿತಿದ್ದರು. ನಾವು ಕೆಲವರು ಹುಡುಗರು ಮಾತ್ರ ಮಸಿ ಹಿಡಿಸಿದ ಗಾಜುಗಳನ್ನು ಹಿಡಿದು ಸಮುದ್ರದಂಡೆಗೆ ಹೋಗಿದ್ದೆವು. ಇಂದಿನ ಮಕ್ಕಳು ಆ ಗಾಜನ್ನು ನೆಚ್ಚಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಕಣ್ಣಿಗೆ ಅದು ರಕ್ಷೆಯಲ್ಲ. ಮಧ್ಯಾಹ್ನ ಇಳಿದ ಮೇಲೆ ಸೂರ್ಯ ಬಿಳಿಯ ಎಳೆಯಷ್ಟಾಗುತ್ತ ಬಂದಂತೆ ನನಗೆ ಮೊದಲು ಗೋಚರವಾದದ್ದು ಕತ್ತಲೆಯಲ್ಲ, ತಂಪು. ಕಾಲಡಿಯ ಮರಳು ಇನ್ನೂ ಬಿಸಿ. ಮುಖದ ಮೇಲೆ ಬೀಳುತ್ತಿದ್ದ ಬಿಸಿ ಮಾತ್ರ, ಯಾರೋ ಒಲೆಯ ಮುಂದೆ ಅಡ್ಡ ನಿಂತಂತೆ, ಕಡಿದುಹೋಯಿತು. ಮೂರು ನಿಮಿಷವೂ ತುಂಬದ ಆ ಕತ್ತಲೆ ಕಳೆದು ಸೂರ್ಯನ ಅಂಚು ಮತ್ತೆ ಹೊಳೆದೊಡನೆ ಮುಖಕ್ಕೆ ಬಿಸಿಯೂ ಮರಳಿತು. ಬೆಳಕು ಬಂದ ಕ್ಷಣವೇ ಶಾಖವೂ ಬಂದಿತು. ಎರಡೂ ಒಂದೇ ವೇಗದಿಂದ ಒಂದೇ ದಾರಿಯಲ್ಲಿ ಪಯಣಿಸಿದ್ದವು.

ಈ ಕಾಣದ ಬೆಳಕನ್ನು ಮೊದಲು ಗುರುತಿಸಿದವನು ವಿಲಿಯಂ ಹರ್ಷೆಲ್. ಸಂಗೀತಗಾರನಾಗಿದ್ದು ಖಗೋಳಜ್ಞನಾದ ಈತ 1800ರಲ್ಲಿ ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಹರಡಿದ ಬಣ್ಣಗಳಲ್ಲಿ ಒಂದೊಂದರ ಕೆಳಗೂ ಉಷ್ಣತಾಮಾಪಕವನ್ನಿಟ್ಟು ನೋಡುತ್ತಿದ್ದಾಗ, ಕೆಂಪಿನ ಆಚೆಗೆ, ಬಣ್ಣವೇ ಇಲ್ಲದ ಎಡೆಯಲ್ಲಿ, ಪಾದರಸವು ಎಲ್ಲಕ್ಕಿಂತ ಹೆಚ್ಚು ಏರಿದುದನ್ನು ಕಂಡನು. ಆ ಕಿರಣಗಳನ್ನು ನಮ್ಮ ಪಠ್ಯಪುಸ್ತಕಗಳು ಅವಕೆಂಪು ಎನ್ನುತ್ತವೆ. ಅವರಕ್ತವೆಂಬ ಹೆಸರೂ ಬಳಕೆಯಲ್ಲಿದೆ, ನನ್ನ ಕಿವಿಗೆ ಅದೇ ಹಿತವಾಗಿರುವುದರಿಂದ ಇಂದು ಅದನ್ನೇ ಬಳಸುತ್ತೇನೆ. ವಸ್ತುವು ತಣ್ಣಗಾದಷ್ಟೂ ಅದು ಸೂಸುವ ಕಿರಣದ ತರಂಗಾಂತರ ದೀರ್ಘವಾಗುತ್ತದೆಂಬುದು ನಿಯಮ. ಸೂರ್ಯನ ಬೆಳಕು ಅರ್ಧ ಮೈಕ್ರಾನಿನ ಸುತ್ತ ಪ್ರಬಲವಾಗಿದೆ. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಇಲ್ಲಿ ಕುಳಿತಿರುವ ನಮ್ಮೆಲ್ಲರ ಮೈಗಳೂ ಈ ಗಳಿಗೆಯಲ್ಲಿ ಒಂಬತ್ತು ಹತ್ತು ಮೈಕ್ರಾನಿನ ಸುತ್ತ ಬೆಳಗುತ್ತಿವೆ. ಇನ್ನು ನಕ್ಷತ್ರಗಳ ನಡುವಣ ಧೂಳಿಯಾದರೋ ನಿರಪೇಕ್ಷ ಶೂನ್ಯದಿಂದ ಕೇವಲ ಮೂವತ್ತು ಡಿಗ್ರಿ ಮೇಲಿರುವಂಥದು. ಅದರ ಬೆಳಕು ನೂರು ಮೈಕ್ರಾನಿನ ಸುತ್ತಲಿನದು. ಸುಮಾರು ಮೂವತ್ತರಿಂದ ಮುನ್ನೂರು ಮೈಕ್ರಾನಿನವರೆಗಿನ ಈ ಪ್ರಾಂತವನ್ನೇ ದೂರ ಅವರಕ್ತವೆನ್ನುವುದು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ನಕ್ಷತ್ರವೆಂದೊಡನೆ ನಮ್ಮ ಮನಸ್ಸಿಗೆ ಉರಿಯುವ ವಸ್ತುವೊಂದರ ಕಲ್ಪನೆ ಮೂಡುವುದರಿಂದ, ಅದರ ಹುಟ್ಟಿಗೂ ಬೆಂಕಿಯೇ ಬೀಜವಾಗಿರಬೇಕೆಂದು ಭಾವಿಸುತ್ತೇವೆ. ನಿಜಸ್ಥಿತಿ ಇದಕ್ಕೆ ವಿಪರೀತ. ಅನಿಲದ ಮೋಡವೊಂದು ತನ್ನದೇ ಗುರುತ್ವದಿಂದ ಕುಗ್ಗತೊಡಗಿದಾಗ ಅದು ಬಿಸಿಯಾಗುತ್ತದೆ, ಸೈಕಲ್ಲಿನ ಪಂಪನ್ನು ಒತ್ತಿದಾಗ ಅದರ ಕೊಳವೆ ಬಿಸಿಯಾಗುವಂತೆ. ಬಿಸಿಯಾದ ಅನಿಲ ಹಿಗ್ಗಲೆಳಸುತ್ತದೆ. ಹಿಗ್ಗುವ ಒತ್ತಡವು ಕುಗ್ಗಿಸುವ ಗುರುತ್ವವನ್ನು ತಡೆದು ನಿಲ್ಲಿಸುತ್ತದೆ. ಆ ಬಿಸಿಯನ್ನು ಹೊರಕ್ಕೆ ಸಾಗಿಸುವ ಉಪಾಯವಿಲ್ಲದಿದ್ದರೆ ಮೋಡವು ಕಲ್ಪಾಂತದವರೆಗೂ ಮೋಡವಾಗಿಯೇ ಉಳಿದೀತು. ಗೋಕರ್ಣದ ಕಡೆಯ ಉಪ್ಪಿನ ಆಗರಗಳನ್ನು ನೋಡಿ ಬಲ್ಲ ನಿಮಗೆ ಇದು ಹೊಸತಲ್ಲ: ಪಾತಿಯಲ್ಲಿ ನೀರಿರುವ ತನಕ ಉಪ್ಪು ಕರಗಿಕೊಂಡೇ ಇರುತ್ತದೆ, ನೀರು ಹೊರಟುಹೋದಂತೆ ಹರಳು ಕಟ್ಟುತ್ತದೆ. ಆಕಾಶದ ಆಗರದಲ್ಲಿ ಆವಿಯಾಗಿ ಹೋಗಬೇಕಾದದ್ದು ತಾಪ.

ತಾಪವನ್ನು ಹೊರಸಾಗಿಸುವ ಕಾರ್ಯವನ್ನು ಅಲ್ಲಿ ಯಾರು ಮಾಡುತ್ತಾರೆ? ನೀಹಾರಿಕೆಯ ಬಹುಭಾಗ ಜಲಜನಕ. ಆದರೆ ಜಲಜನಕದ ಪರಮಾಣುವನ್ನು ಕಲಕಿ ಬೆಳಕು ಸೂಸುವಂತೆ ಮಾಡಲು ನಿರಪೇಕ್ಷ ಶೂನ್ಯದಿಂದ ನೂರು ಡಿಗ್ರಿಯಷ್ಟೇ ಮೇಲಿರುವ ಆ ತಣ್ಣನೆಯ ಅನಿಲದಲ್ಲಿ ಶಕ್ತಿ ಸಾಲದು. ಹೊಣೆ ಹೊರುವುದು ಅತ್ಯಲ್ಪ ಪ್ರಮಾಣದಲ್ಲಿರುವ ಇಂಗಾಲ. ಹೊಸದಾಗಿ ಹುಟ್ಟಿದ ಮಹಾನಕ್ಷತ್ರಗಳ ಅತಿನೇರಳೆ ಬೆಳಕು ಇಂಗಾಲದ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ಅದನ್ನು ಅಯಾನಾಗಿ ಮಾಡುತ್ತದೆ. ಇದಕ್ಕೆ ಬೇಕಾದ ಶಕ್ತಿ 11.26 ಎಲೆಕ್ಟ್ರಾನ್ ವೋಲ್ಟ್. ಜಲಜನಕವನ್ನು ಹಾಗೆ ಮಾಡಲು 13.6 ಬೇಕು. ಇವೆರಡರ ನಡುವಣ ಕಿರಿದಾದ ಅಂತರವೇ ಇಂದಿನ ಕಥೆಗೆಲ್ಲ ಅವಕಾಶ ಮಾಡಿಕೊಟ್ಟಿದೆ; ಏಕೆಂದರೆ ಜಲಜನಕವನ್ನು ಒಡೆಯಬಲ್ಲ ಕಿರಣಗಳೆಲ್ಲ ನಕ್ಷತ್ರದ ಸಮೀಪದಲ್ಲಿಯೇ ವ್ಯಯವಾಗಿ ಹೋದ ಮೇಲೂ, ಇಂಗಾಲವನ್ನು ಒಡೆಯಬಲ್ಲ ಮೆದುವಾದ ಕಿರಣಗಳು ಇನ್ನೂ ದೂರ, ತಣ್ಣನೆಯ ಮೋಡದ ಒಳಗಿನವರೆಗೂ ಹೋಗಬಲ್ಲವು.

ಹೀಗೆ ಅಯಾನಾದ ಇಂಗಾಲಕ್ಕೆ ಎರಡು ಮೆಟ್ಟಿಲುಗಳುಂಟು, ಒಂದಕ್ಕೊಂದು ಬಹು ಸಮೀಪವಾದವು. ಉಷ್ಣತೆಯ ಭಾಷೆಯಲ್ಲಿ ಹೇಳುವುದಾದರೆ ಅವುಗಳ ಅಂತರ ಸುಮಾರು 91 ಕೆಲ್ವಿನ್. ಅಲೆಯುತ್ತಿರುವ ಜಲಜನಕದ ಪರಮಾಣುವೊಂದು ಬಂದು ಡಿಕ್ಕಿ ಹೊಡೆದರೆ ಇಂಗಾಲವು ಮೇಲಿನ ಮೆಟ್ಟಿಲನ್ನೇರುತ್ತದೆ. ಡಿಕ್ಕಿ ಹೊಡೆದ ಪರಮಾಣು ಅಷ್ಟರ ಮಟ್ಟಿಗೆ ತನ್ನ ವೇಗವನ್ನು ಕಳೆದುಕೊಳ್ಳುತ್ತದೆ. ವೇಗ ಕಳೆಯುವುದೆಂದರೆ ತಾಪ ಕಳೆಯುವುದೆಂದೇ ಅರ್ಥ. ಮೇಲೇರಿದ ಇಂಗಾಲ ಒಡನೆಯೇ ಇಳಿಯುವುದಿಲ್ಲ. ಸಾಮಾನ್ಯ ಪರಮಾಣುಗಳು ಇಂಥ ಸ್ಥಿತಿಯಿಂದ ಕ್ಷಣದ ಕೋಟಿಯ ಒಂದು ಪಾಲಿನಲ್ಲಿ ಇಳಿದುಬಿಡುತ್ತವೆ. ಇದಾದರೋ ಸರಾಸರಿ ಐದು ದಿನ ಕಾಯುತ್ತದೆ. ಐದು ದಿನ! ನಮ್ಮ ಸುತ್ತಲಿನ ಗಾಳಿಯಲ್ಲಾಗಿದ್ದರೆ ಅಷ್ಟು ಹೊತ್ತಿನಲ್ಲಿ ಅದಕ್ಕೆ ಎಣಿಕೆಗೆ ಮೀರಿದ ಡಿಕ್ಕಿಗಳಾಗಿ, ಬೆಳಕಾಗಬೇಕಾಗಿದ್ದ ಶಕ್ತಿಯೆಲ್ಲ ಆ ಗದ್ದಲದಲ್ಲಿಯೇ ಮರಳಿ ತಾಪವಾಗಿಬಿಡುತ್ತಿತ್ತು. ನೀಹಾರಿಕೆಯ ಅಂಚಿನಲ್ಲಿಯಾದರೆ ಒಂದು ಘನ ಸೆಂಟಿಮೀಟರಿನಲ್ಲಿ ಕೆಲವು ನೂರೋ ಕೆಲವು ಸಾವಿರವೋ ಪರಮಾಣುಗಳಿರಬಹುದು; ಅಷ್ಟೇ ಜಾಗದ ನಮ್ಮ ಗಾಳಿಯಲ್ಲಿರುವ ಅಣುಗಳ ಸಂಖ್ಯೆಯನ್ನು ಬರೆಯಬೇಕಾದರೆ ಎರಡೂವರೆಯನ್ನು ಕೋಟಿಯಿಂದಲೂ, ಮತ್ತೆ ಲಕ್ಷಕೋಟಿಯಿಂದಲೂ ಗುಣಿಸಬೇಕು. ಆ ವಿರಳವಾದ ಏಕಾಂತದಲ್ಲಿ ಇಂಗಾಲದ ಅಯಾನು ತನ್ನ ಐದು ದಿನಗಳನ್ನು ನೆಮ್ಮದಿಯಿಂದ ಕಳೆದು, 158 ಮೈಕ್ರಾನಿನ ಒಂದು ಕಿರಣಕಣವನ್ನು ಬಿಟ್ಟುಕೊಟ್ಟು ಕೆಳಗಿಳಿಯುತ್ತದೆ. ಆ ಕಣ ಯಾರ ಕೈಗೂ ಸಿಕ್ಕದೆ ಮೋಡದಿಂದ ಹೊರಟುಹೋಗುತ್ತದೆ. ಮೋಡ ಅಷ್ಟು ತಣಿಯಿತು. ನಮ್ಮ ಇಡೀ ಆಕಾಶಗಂಗೆಯನ್ನು ದೂರ ಅವರಕ್ತದಲ್ಲಿ ನೋಡಿದರೆ ಎಲ್ಲಕ್ಕಿಂತ ಉಜ್ಜ್ವಲವಾಗಿ ಕಾಣುವ ರೋಹಿತರೇಖೆ ಇದೇ.

ನೀಹಾರಿಕೆಯ ಒಳಗಿನ ವ್ಯವಸ್ಥೆಯನ್ನು ಚಿತ್ರಿಸಿಕೊಳ್ಳಲು ನಿಮಗೆ ಗಂಗಾವಳಿಯ ಅಳಿವೆಗಿಂತ ಒಳ್ಳೆಯ ದೃಷ್ಟಾಂತವನ್ನು ನಾನು ಕೊಡಲಾರೆ. ಕಡಲ ಬದಿಯಲ್ಲಿ ಉಪ್ಪುನೀರು, ಮೇಲ್ಗಡೆ ಸಿಹಿನೀರು, ನಡುವೆ ಎರಡೂ ಬೆರೆತು ತನ್ನದೇ ಆದ ಮೀನುಗಳನ್ನೂ ಸಿಗಡಿಗಳನ್ನೂ ಸಾಕುವ ಒಂದು ಸೀಮೆ. ಅಂತೆಯೇ ಮಹಾನಕ್ಷತ್ರದ ಸಮೀಪದಲ್ಲಿ ಜಲಜನಕವೂ ಒಡೆದು ಹೋದ ಹತ್ತು ಸಾವಿರ ಡಿಗ್ರಿಯ ವಲಯ. ಅಲ್ಲಿಂದ 88 ಮೈಕ್ರಾನಿನಲ್ಲಿ ಆಮ್ಲಜನಕದ ಅಯಾನೂ, 122 ಮೈಕ್ರಾನಿನಲ್ಲಿ ಸಾರಜನಕದ ಅಯಾನೂ ಬೆಳಗುತ್ತವೆ. ಬಹುದೂರದ ಒಳನಾಡಿನಲ್ಲಿ ಬೆಳಕೇ ಹೊಗದ ಕರಿಮೋಡ, ಅಲ್ಲಿ ಇಂಗಾಲ ಆಮ್ಲಜನಕಗಳು ಕೂಡಿ ಅಣುಗಳಾಗಿವೆ. ಇವೆರಡರ ನಡುವಣ ಅಳಿವೆಯಲ್ಲಿ 158 ಮೈಕ್ರಾನಿನ ಇಂಗಾಲದ ರೇಖೆಯೂ 63 ಮೈಕ್ರಾನಿನ ಆಮ್ಲಜನಕದ ರೇಖೆಯೂ ಹೊಳೆಯುತ್ತವೆ. ಆ ಸೀಮೆಯ ಅನಿಲವನ್ನು ಬಿಸಿಮಾಡುವವರಾರೆಂದರೆ ಧೂಳಿಯ ಕಣಗಳು: ಅತಿನೇರಳೆ ಕಿರಣ ಕಣದ ಮೇಲೆ ಬಿದ್ದು ಎಲೆಕ್ಟ್ರಾನನ್ನು ಚಿಮ್ಮಿಸುತ್ತದೆ, ಆ ಎಲೆಕ್ಟ್ರಾನು ಅನಿಲವನ್ನು ಕಾಯಿಸುತ್ತದೆ. ನಕ್ಷತ್ರ ಕೊಟ್ಟ ಶಕ್ತಿಯಲ್ಲಿ ಅತಿ ದೊಡ್ಡ ಪಾಲನ್ನು ಧೂಳಿಯೇ ಇಟ್ಟುಕೊಂಡು ದೂರ ಅವರಕ್ತದಲ್ಲಿ ಮಂಕಾಗಿ ಹೊಳೆಯುತ್ತದೆ. ಇಂಗಾಲದ ರೇಖೆಗೆ ದಕ್ಕುವುದು ಆ ಹೊಳಪಿನ ಸಾವಿರದಲ್ಲೊಂದರಿಂದ ನೂರರಲ್ಲೊಂದು ಪಾಲು. ಅಳತೆ ಸಣ್ಣದಾದರೂ ಅರ್ಥ ದೊಡ್ಡದು. ಧೂಳಿಯ ಹೊಳಪು ನಕ್ಷತ್ರಗಳು ಎಷ್ಟು ಸುರಿದವೆಂಬುದನ್ನು ಹೇಳುತ್ತದೆ, ಇಂಗಾಲದ ಹೊಳಪು ಅದರಲ್ಲಿ ಅನಿಲಕ್ಕೆ ಸೇರಿದ್ದೆಷ್ಟು, ಅನಿಲ ಬಿಟ್ಟುಕೊಟ್ಟದ್ದೆಷ್ಟು ಎಂಬುದನ್ನು ಹೇಳುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಆ ಮನೆಯ ಜಮಾಖರ್ಚು ಕೈಗೆ ಬರುತ್ತದೆ.

ಈ ರೇಖೆಯನ್ನು ಮೊತ್ತಮೊದಲು ಕಂಡದ್ದು 1980ರಲ್ಲಿ ಪ್ರಕಟವಾಯಿತು. ಅಮೆರಿಕದ ರಸೆಲ್, ಹಾರ್ವಿಟ್ ಮೊದಲಾದವರು ಸಣ್ಣದೊಂದು ಜೆಟ್ ವಿಮಾನದಲ್ಲಿ ದೂರದರ್ಶಕವನ್ನಿಟ್ಟು ಮಹಾವ್ಯಾಧವೆಂಬ ನಕ್ಷತ್ರಪುಂಜದ ನೀಹಾರಿಕೆಗಳಲ್ಲಿ ಅದನ್ನು ಹಿಡಿದರು. ವಿಮಾನವೇಕೆಂದರೆ, ಮೊದಲು ಹೇಳಿದಂತೆ, ನೆಲದ ಮೇಲೆ ನಿಂತವನಿಗೆ ಆ ಬಾಗಿಲು ಮುಚ್ಚಿದೆ. ಬೆಟ್ಟವನ್ನೇರಿದರೂ ಸಾಲದು. ವಿಮಾನ ಹನ್ನೆರಡು ಹದಿಮೂರು ಕಿಲೋಮೀಟರು ಏರುತ್ತದೆ. ಉಪಗ್ರಹ ಎಲ್ಲವನ್ನೂ ದಾಟುತ್ತದೆ, ಆದರೆ ಅದರ ವೆಚ್ಚ ಅಪಾರ, ಕೆಟ್ಟರೆ ದುರಸ್ತಿಯಿಲ್ಲ, ತಂಪಿಗಾಗಿ ತುಂಬಿದ ದ್ರವ ಮುಗಿದರೆ ಆಯುಸ್ಸೂ ಮುಗಿಯಿತು. ಇವೆರಡರ ನಡುವೆ ಬಡವನ ಬಳಿಯೂ ಇರಬಹುದಾದ ಸಾಧನ ಬಲೂನು. ಮೂವತ್ತು ಕಿಲೋಮೀಟರಿನಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಗಾಳಿ ಅದರ ಕಾಲಡಿಗಿರುತ್ತದೆ. ನೀರಾವಿಯಂತೂ ಲೆಕ್ಕಕ್ಕೆ ಸಿಕ್ಕದಷ್ಟು ಸ್ವಲ್ಪ.

ಬಲೂನಿನ ಈ ವಿದ್ಯೆ ಭಾರತದಲ್ಲಿ ಬೇರು ಬಿಟ್ಟದ್ದು ಕನ್ನಡದ ನೆಲದಲ್ಲಿ ಎಂಬುದನ್ನು ನಾನು ಅಭಿಮಾನದಿಂದ ಹೇಳುತ್ತೇನೆ. 1939ರಲ್ಲಿ ಯುದ್ಧ ಹೊತ್ತಿದಾಗ ರಜೆಗೆಂದು ಸ್ವದೇಶಕ್ಕೆ ಬಂದಿದ್ದ ಹೋಮಿ ಭಾಭಾ ಇಂಗ್ಲೆಂಡಿಗೆ ಮರಳಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆ ನಿಂತರು. ವಿಶ್ವಕಿರಣಗಳನ್ನು ಅಳೆಯುವ ಗೈಗರ್ ಯಂತ್ರಗಳನ್ನು ರಬ್ಬರು ಬಲೂನುಗಳ ಗೊಂಚಲಿಗೆ ಕಟ್ಟಿ ಬೆಂಗಳೂರಿನ ಆಕಾಶಕ್ಕೆ ಬಿಟ್ಟರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಜನ್ಮ ತಾಳಿದ್ದೂ ಬೆಂಗಳೂರಿನಲ್ಲಿಯೇ. ಅದೇ ವರ್ಷ ಅದು ಮುಂಬಯಿಗೆ ಹೋಯಿತು. ನಂಜನಗೂಡಿನ ಸೀಮೆಯ ಬದನವಾಳಿನ ಬಿ. ವಿ. ಶ್ರೀಕಂಠನ್ ಆ ಸಂಸ್ಥೆಯನ್ನು ಯುವಕರಾಗಿ ಸೇರಿ, ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ವಿಶ್ವಕಿರಣಗಳನ್ನು ಅಭ್ಯಸಿಸಿ, 1975ರಿಂದ 1987ರವರೆಗೆ ಅದರ ನಿರ್ದೇಶಕರಾಗಿದ್ದರು. ಆ ಅವಧಿಯಲ್ಲಿಯೇ ಸಂಸ್ಥೆಯ ನೂರು ಸೆಂಟಿಮೀಟರಿನ ದೂರ ಅವರಕ್ತ ದೂರದರ್ಶಕ ರೂಪುಗೊಂಡದ್ದು. ಆಳಕ್ಕಿಳಿದ ಮನುಷ್ಯನ ಕಾಲದಲ್ಲಿ ಕನ್ನಡಿ ಆಕಾಶಕ್ಕೇರಿತೆಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಬಲೂನು ಹಾರುವುದು ಹೈದರಾಬಾದಿನಲ್ಲಿರುವ ಸಂಸ್ಥೆಯ ಬಲೂನು ಕೇಂದ್ರದಿಂದ. ಅದರ ಗಾತ್ರ ಲಕ್ಷ ಘನಮೀಟರನ್ನು ಮೀರಿದ್ದು. ಆದರೆ ಅದರ ಹಾಳೆ ನಮ್ಮ ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕಿಂತಲೂ ತೆಳುವಾದುದು. ಇಲ್ಲಿ ನಮ್ಮಂಥ ಉಷ್ಣವಲಯದ ದೇಶಗಳಿಗೆ ವಿಶೇಷವಾದ ಒಂದು ಸಂಕಟವಿದೆ. ಧ್ರುವಗಳ ಕಡೆಗಿಂತ ಉಷ್ಣವಲಯದ ಮೇಲಿನ ಆಕಾಶ ಹೆಚ್ಚು ತಂಪೆಂದರೆ ಕೇಳಿದವರು ನಂಬುವುದಿಲ್ಲ. ನಿಜವಾಗಿ ನಮ್ಮ ತಲೆಯ ಮೇಲೆ ಹದಿನೇಳು ಕಿಲೋಮೀಟರಿನ ಸುಮಾರಿಗೆ ಉಷ್ಣತೆ ಸೊನ್ನೆಗಿಂತ ಎಂಬತ್ತು ಡಿಗ್ರಿಗೂ ಕೆಳಗಿಳಿಯುತ್ತದೆ. ಬೇರೆ ದೇಶಗಳಲ್ಲಿ ಸುಖವಾಗಿ ಹಾರುವ ಹಾಳೆ ಆ ಚಳಿಯಲ್ಲಿ ಒಣಗಿದ ಬಾಳೆಯೆಲೆಯಂತೆ ಸೀಳಿಹೋಗುತ್ತದೆ. ಆ ಶೈತ್ಯವನ್ನು ತಾಳುವ ಹಾಳೆಯನ್ನು ಕಂಡುಕೊಂಡು ಬಲೂನುಗಳನ್ನು ಇಲ್ಲಿಯೇ ಬೆಸೆಯುವಂತಾದದ್ದು ಹಲವು ವರ್ಷಗಳ ತಾಳ್ಮೆಯ ಫಲ. ಗಾಳಿ ಶಾಂತವಾಗಿರುವ ಹೊತ್ತು ನೋಡಿ ಜಲಜನಕವನ್ನು ತುಂಬಿ ಬಿಟ್ಟರೆ, ಬಲೂನು ಎರಡು ಗಂಟೆಗೆ ಸಮೀಪದ ಹೊತ್ತಿನಲ್ಲಿ ತನ್ನ ಎತ್ತರವನ್ನು ಮುಟ್ಟಿ ತೇಲತೊಡಗುತ್ತದೆ. ಕೆಳಗೆ ಜೋಲುವ ತೊಟ್ಟಿಲಿನಲ್ಲಿ ಕನ್ನಡಿ, ನಕ್ಷತ್ರಗಳನ್ನು ಗುರುತು ಹಿಡಿದು ದಿಕ್ಕನ್ನು ತಿದ್ದುವ ಯಂತ್ರ, ದ್ರವ ಹೀಲಿಯಂ ತುಂಬಿದ ಪಾತ್ರೆ.

ಹೀಲಿಯಂ ಏತಕ್ಕೆಂದರೆ, ದೂರ ಅವರಕ್ತವನ್ನು ಹುಡುಕುವವನ ದುರವಸ್ಥೆ ಉರಿಯುವ ಒಲೆಯೊಳಗೆ ಕುಳಿತು ಹೊರಗಿನ ಮಿಂಚುಹುಳವನ್ನು ಅರಸುವವನಂಥದು: ಕನ್ನಡಿ, ಕೊಳವೆ, ಉಳಿದಿರುವ ಗಾಳಿ ಎಲ್ಲವೂ ತಾನು ಹುಡುಕುವ ಬೆಳಕಿನಲ್ಲಿಯೇ ಧಗಧಗಿಸುತ್ತಿರುತ್ತವೆ. ಕಿರಣವನ್ನು ಗ್ರಹಿಸುವ ಹರಳನ್ನಾದರೂ ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಣಿಸಿಡಬೇಕು. ಆ ಹರಳು ಜರ್ಮೇನಿಯಂ, ಅತ್ಯಲ್ಪ ಗ್ಯಾಲಿಯಂ ಬೆರೆತದ್ದು. ಹಾಗೆಯೇ ಬಿಟ್ಟರೆ ಅದು 120 ಮೈಕ್ರಾನಿನ ಆಚೆಗೆ ಕುರುಡು. ಇಂಗಾಲದ ರೇಖೆಯಿರುವುದು 158ರಲ್ಲಿ. ಆಗ ವಿಜ್ಞಾನಿಗಳು ಮಾಡಿದ ಉಪಾಯವೆಂದರೆ ಹರಳನ್ನು ತಿರುಪಿನಿಂದ ಬಲವಾಗಿ ಹಿಂಡುವುದು. ಹಿಂಡಿದ ಹರಳಿನ ದೃಷ್ಟಿ 200 ಮೈಕ್ರಾನಿನವರೆಗೂ ಚಾಚಿಕೊಳ್ಳುತ್ತದೆ; ಹೆಚ್ಚು ಹಿಂಡಿದರೆ ಒಡೆಯುತ್ತದೆ. ರೇಖೆಯನ್ನು ಉಳಿದ ಬೆಳಕಿನಿಂದ ಬೇರ್ಪಡಿಸಲು ಫ್ಯಾಬ್ರಿ ಮತ್ತು ಪೆರೋ ಎಂಬ ಫ್ರೆಂಚರ ಹೆಸರಿನ ಸಾಧನವಿದೆ: ಎದುರುಬದುರಾಗಿ ನಿಂತ ಎರಡು ಪ್ರತಿಫಲಕ ಬಲೆಗಳು, ಅವುಗಳ ನಡುವಣ ತೆರಪಿಗೆ ಸರಿಹೊಂದುವ ತರಂಗ ಮಾತ್ರ, ತಂಬೂರಿಯ ತಂತಿಗೆ ಹೊಂದುವ ಸ್ವರದಂತೆ, ಹಿಂದುಮುಂದು ಓಡಾಡಿ ಬಲಗೊಂಡು ಹೊರಬರುತ್ತದೆ. ತೆರಪನ್ನು ಕೂದಲೆಳೆಯಷ್ಟು ಬದಲಿಸಿದರೆ ಸ್ವರವೂ ಬದಲು. ಈ ರೋಹಿತಮಾಪಕವನ್ನು ಜಪಾನಿನ ಬಾಹ್ಯಾಕಾಶ ವಿಜ್ಞಾನ ಸಂಸ್ಥೆಯವರು ಮಾಡಿಕೊಟ್ಟರು. ನಮ್ಮವರ ಕನ್ನಡಿಗೆ ಅವರ ಶ್ರುತಿಯಂತ್ರ ಜೊತೆಗೂಡಿ 1990ರ ದಶಕದ ಕೊನೆಯಿಂದ ಹಾರತೊಡಗಿತು.

ಭಾಸ್ವತಿ ಮೂಕರ್ಜಿಯ, ಎಸ್. ಕೆ. ಘೋಷ್, ಕನೆದಾ ಮೊದಲಾದವರು ಈ ಜೋಡಿಯಿಂದ ಮಹಾವ್ಯಾಧದ ಮೋಡವನ್ನು ಅಳೆದು ಮಾಡಿದ 158 ಮೈಕ್ರಾನಿನ ನಕಾಶೆ 2003ರಲ್ಲಿ ಪ್ರಕಟವಾಯಿತು. ಅದರಲ್ಲಿ ನಾನು ಮುಖ್ಯವೆಂದು ಭಾವಿಸುವುದು ಅದರ ಹರವನ್ನು. ಉಜ್ಜ್ವಲವಾದ ನಡುಭಾಗವಷ್ಟೇ ಅಲ್ಲದೆ ಮಂಕಾದ ಸುತ್ತುಮುತ್ತಲಿನ ಅನಿಲವೂ ಬಹುದೂರದವರೆಗೆ ಇಂಗಾಲದ ಬೆಳಕಿನಲ್ಲಿ ಮೀಯುತ್ತಿದೆಯೆಂದು ಅದು ತೋರಿಸಿತು. ಮುಂದೆ ಅವರು ಇನ್ನೊಂದು ತಿದ್ದುಪಡಿಯನ್ನು ಮಾಡಿದರು. ಅದು ಸಣ್ಣದೆಂದು ತೋರಿದರೂ ವಿಚಾರಕ್ಕೆ ದೊಡ್ಡದು. ಮೊದಲಿನ ಪದ್ಧತಿಯಲ್ಲಿ ದೂರದರ್ಶಕದೊಳಗಿನ ಕಿರುಗನ್ನಡಿಯನ್ನು ಅಲುಗಿಸುತ್ತ, ನೀಹಾರಿಕೆಯನ್ನೊಮ್ಮೆ ಅದರ ಪಕ್ಕದ ಆಕಾಶವನ್ನೊಮ್ಮೆ ನೋಡಿ, ಒಂದರಿಂದ ಇನ್ನೊಂದನ್ನು ಕಳೆಯುತ್ತಿದ್ದರು. ಮೊದಲು ಹೇಳಿದ ಒಲೆಯ ಪ್ರಭೆ ಎರಡರಲ್ಲಿಯೂ ಸಮಾನವಾಗಿರುವುದರಿಂದ ಅದು ಹೊರಟುಹೋಗುತ್ತಿತ್ತು. ಆದರೆ ಪಕ್ಕದ ಆಕಾಶವು ಬರಿದಾಗಿದೆಯೆಂಬ ನಂಬಿಕೆ ಅದರ ಹಿಂದಿತ್ತು. ಹರವಾದ ಮೋಡದಲ್ಲಿ ಪಕ್ಕವೂ ಮೋಡವೇ; ಕಳೆದಾಗ ನಿಜವಾದ ಬೆಳಕೂ ಕಳೆದುಹೋಗುತ್ತಿತ್ತು. ಆದಕಾರಣ ಅವರು ಆಕಾಶದಲ್ಲಿ ಆಚೀಚೆ ನೋಡುವುದನ್ನು ಬಿಟ್ಟು, ಫ್ಯಾಬ್ರಿ ಪೆರೋ ಬಲೆಗಳ ತೆರಪನ್ನೇ ವೇಗವಾಗಿ ಬದಲಿಸುತ್ತ, ಒಂದೇ ಎಡೆಯಲ್ಲಿ ರೇಖೆಯ ಮೇಲೊಮ್ಮೆ ರೇಖೆಯ ಪಕ್ಕದಲ್ಲೊಮ್ಮೆ ಆಲಿಸಿದರು. ಆ ಕ್ರಮದಿಂದ ನೌಕಾಪುಂಜದ ಕಡೆಯ ಆರ್‌ಸಿಡಬ್ಲ್ಯು 38 ಎಂಬ ನೀಹಾರಿಕೆಯ ನಕಾಶೆಯನ್ನು ಪಡೆದು 2013ರಲ್ಲಿ ಪ್ರಕಟಿಸಿದರು.

ಇಂಗಾಲದ ಈ ಬೆಳಕು ತಾಪದ ಲೆಕ್ಕವನ್ನಷ್ಟೇ ಅಲ್ಲ, ಅನಿಲದ ಚಲನೆಯನ್ನೂ ಹೇಳಬಲ್ಲುದು; ಚಲಿಸುವ ಅನಿಲದಲ್ಲಿ ರೇಖೆಯು ತನ್ನ ಸ್ಥಾನದಿಂದ ಕೊಂಚ ಸರಿಯುತ್ತದೆ. ಸೋಫಿಯಾ ಎಂಬ, ವಿಮಾನದಲ್ಲಿ ಕೂರಿಸಿದ ದೂರದರ್ಶಕದಿಂದ ಮಹಾವ್ಯಾಧದ ಅದೇ ಮೋಡವನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡಿದವರು 2019ರಲ್ಲಿ ಒಂದು ಆಶ್ಚರ್ಯವನ್ನು ವರದಿ ಮಾಡಿದರು. ನೀಹಾರಿಕೆಯ ನಡುವಿನ ಒಂದು ಮಹಾನಕ್ಷತ್ರದಿಂದ ಬೀಸುವ ಗಾಳಿ ಸುತ್ತಲಿನ ಅನಿಲವನ್ನು ಗುಳ್ಳೆಯಂತೆ ಊದಿ, ಸೆಕೆಂಡಿಗೆ ಸುಮಾರು 13 ಕಿಲೋಮೀಟರು ವೇಗದಲ್ಲಿ ಹೊರಕ್ಕೆ ತಳ್ಳುತ್ತಿದೆ. ಮುಂದೆ ನಕ್ಷತ್ರಗಳಾಗಬಹುದಾಗಿದ್ದ ಅನಿಲ ಹೀಗೆ ಚದುರಿ ಹೋಗುತ್ತಿದೆ: ಮೊದಲು ಹುಟ್ಟಿದವನು ತಮ್ಮಂದಿರ ಪಾಲಿನ ಗದ್ದೆಯನ್ನು ಕೆಡಿಸಿದಂತೆ. ಸೋಫಿಯಾ 2022ರಲ್ಲಿ ತನ್ನ ಹಾರಾಟವನ್ನು ನಿಲ್ಲಿಸಿತು. ಮೂರೂವರೆ ಮೀಟರಿನ ಕನ್ನಡಿಯ, ಹರ್ಷೆಲ್ ಎಂಬ ಬಾಹ್ಯಾಕಾಶ ದೂರದರ್ಶಕದ ಹೀಲಿಯಂ 2013ರಲ್ಲಿಯೇ ತೀರಿತ್ತು. ಬಲೂನು ಮಾತ್ರ ಹಳತಾಗಲಿಲ್ಲ; 2023ರ ಡಿಸೆಂಬರ್ 31ರಂದು ಅಂಟಾರ್ಕ್ಟಿಕದಿಂದ ಅಮೆರಿಕದವರು ಬಿಟ್ಟ ಗಸ್ಟೋ ಎಂಬುದು ಐವತ್ತೇಳು ದಿನ ತೇಲಿ ಇದೇ ಇಂಗಾಲವನ್ನು ಅಳೆಯಿತು.

ಏರಿದ ಬಲೂನು ಇಳಿಯಲೇಬೇಕಷ್ಟೆ. ಕೆಲಸ ಮುಗಿದ ಮೇಲೆ ನೆಲದಿಂದ ಆಜ್ಞೆ ಕೊಟ್ಟು ತೊಟ್ಟಿಲನ್ನು ಕಡಿದರೆ ಅದು ಪ್ಯಾರಾಶೂಟಿನಲ್ಲಿ ಇಳಿಯುತ್ತದೆ. ವಾಹನಗಳಲ್ಲಿ ಹಿಂಬಾಲಿಸಿದವರು ಹೋಗಿ ಎತ್ತಿಕೊಂಡು ಬಂದು, ದುರಸ್ತಿ ಮಾಡಿ, ಅದೇ ಕನ್ನಡಿಯನ್ನು ಮತ್ತೆ ಹಾರಿಸುತ್ತಾರೆ. ಆದರೆ ಅವರಿಗಿಂತ ಮೊದಲು ಅಲ್ಲಿಗೆ ಮುಟ್ಟುವವರು ಆ ಊರಿನ ರೈತರು. 2025ರ ಜನವರಿಯಲ್ಲಿ ಹೈದರಾಬಾದಿನ ಆ ಕೇಂದ್ರದ ಬಲೂನೊಂದು ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ ಇಳಿದಾಗ ಊರೆಲ್ಲ ಗಾಬರಿಯಿಂದ ನೆರೆದದ್ದನ್ನು ಪತ್ರಿಕೆಗಳಲ್ಲಿ ಓದಿದೆ. ಜಲಸಂಗಿಯೆಂದರೆ ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯವಿರುವ ಊರು. ಅಲ್ಲಿಯ ಗೋಡೆಯ ಮೇಲೆ ಶಿಲಾಬಾಲಿಕೆಯೊಬ್ಬಳು ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಫಲಕದ ಮೇಲೆ ಬರೆಯುತ್ತ ನಿಂತಿದ್ದಾಳೆ. ಆಕಾಶದಿಂದ ಇಳಿದ ವಸ್ತು ಏನು, ಎಲ್ಲಿಯದು, ಏತಕ್ಕೆ ಹೋಗಿತ್ತು ಎಂಬುದನ್ನು ಊರಿನವರಿಗೆ ಅವರ ಮಾತಿನಲ್ಲಿಯೇ ಹೇಳಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಪ್ರತಿಯೊಂದು ಜಲಸಂಗಿಯಲ್ಲಿಯೂ ಇರಬೇಕೆಂಬುದು ನನ್ನ ಹಂಬಲ. ದಿನಕರ ದೇಸಾಯಿಯವರು ಊರೂರಿಗೆ ಶಾಲೆಯನ್ನು ಕೊಂಡೊಯ್ದ ಈ ಜಿಲ್ಲೆಯಲ್ಲಿ ನಿಂತು ಹಾಗೆ ಹಂಬಲಿಸುವುದು ಅತಿಯಾಸೆಯಲ್ಲವೆಂದುಕೊಂಡಿದ್ದೇನೆ.

ಸಭೆ ಮುಗಿದು ಹೊರಗೆ ಹೋದಾಗ ನೀವು ಘಟ್ಟದ ಕಡೆಗೆ ಮುಖ ಮಾಡಿ ತಲೆಯೆತ್ತಿರಿ. ಒಂದೇ ಸಾಲಿನಲ್ಲಿ ನಿಂತ ಮೂರು ನಕ್ಷತ್ರಗಳು ಮಹಾವ್ಯಾಧನ ನಡುಕಟ್ಟು. ಅದರಿಂದ ಜೋಲುವ ಕತ್ತಿಯ ನಡುವೆ ಮಸುಕಾಗಿ ಕಾಣುವ ಚುಕ್ಕೆಯೇ ನಾನು ಇಷ್ಟು ಹೊತ್ತು ಹೇಳಿದ ನೀಹಾರಿಕೆ. ನೆತ್ತಿಗೇರಿದಾಗ ಅದು ನಮ್ಮ ಊರಿನಲ್ಲಿ ನಡುನೆತ್ತಿಯಿಂದ ದಕ್ಷಿಣಕ್ಕೆ ಇಪ್ಪತ್ತು ಡಿಗ್ರಿಗಳಷ್ಟು ದೂರದಲ್ಲಿ ಹಾಯುತ್ತದೆ. ಅದು ಸುಮಾರು 1,300 ಜ್ಯೋತಿರ್ವರ್ಷಗಳ ಆಚೆಗಿದೆ. ಬಾದಾಮಿಯ ವಿಜಯಾದಿತ್ಯನು ಪಟ್ಟದಕಲ್ಲಿನಲ್ಲಿ ಇಂದು ಸಂಗಮೇಶ್ವರವೆನ್ನುವ ದೇವಾಲಯವನ್ನು ಕಟ್ಟಿಸುತ್ತಿದ್ದ ಕಾಲದಲ್ಲಿ ಅಲ್ಲಿಯ ಇಂಗಾಲದ ಅಯಾನೊಂದು ಐದು ದಿನ ಕಾದು ಬಿಟ್ಟುಕೊಟ್ಟ ಕಿರಣಕಣ, ಯಾವುದಕ್ಕೂ ತಾಗದೆ ಅಷ್ಟು ಶತಮಾನಗಳನ್ನು ದಾಟಿ, ಇಂದು ರಾತ್ರಿ ನಮ್ಮ ತಲೆಯ ಮೇಲೆ ಮೂವತ್ತು ಕಿಲೋಮೀಟರಿನವರೆಗೆ ಕ್ಷೇಮವಾಗಿ ಬರುತ್ತದೆ. ಅಲ್ಲಿಂದ ಕೆಳಗೆ, ನಮ್ಮ ಕಡಲಿನಿಂದಲೇ ಎದ್ದ ನೀರಾವಿಯ ಅಣುವೊಂದು ಅದನ್ನು ನುಂಗಿ ಎಳ್ಳಿನಷ್ಟಕ್ಕಿಂತಲೂ ಕಿರಿದಾಗಿ ಬೆಚ್ಚಗಾಗುತ್ತದೆ.